ಔಟಾದವರ ಜಾಗ

ಶಾಲೆಯ ವೇಳಾಪಟ್ಟಿಯಲ್ಲಿ ಯಾರು ಕೇಳಿದರೂ ಕಡ ಸಿಗುವ ಪೀರಿಯಡ್ ಒಂದೇ: ಆಟದ್ದು. ಗಣಿತದ ಒಂದು ಅಧ್ಯಾಯ ಉಳಿದಿದ್ದರೆ ಅದನ್ನು ತೆಗೆದುಕೊಳ್ಳುತ್ತಾರೆ, ವಿಜ್ಞಾನದ ಕಿರುಪರೀಕ್ಷೆಗೂ ಅದೇ ಆಗುತ್ತದೆ. ಹೀಗೆ ಕೊಟ್ಟದ್ದು ತಿರುಗಿ ಬರುವುದಿಲ್ಲ. ಆಟದ ಮಾಸ್ತರರೊಬ್ಬರು ಗಣಿತದ ಪೀರಿಯಡ್ ಕೇಳಿ ಪಡೆದ ಸುದ್ದಿಯನ್ನು ನಾನಂತೂ ಇನ್ನೂ ಕೇಳಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಶಾಲೆಗಳಿಗೆ ಇದರ ಮೇಲೆ ಇನ್ನೊಂದು ಒತ್ತಡ. ಬೆಳಗಾವಿ ಜಿಲ್ಲೆಯೊಳಗೇ ಇದ್ದರೂ ಚಿಕ್ಕೋಡಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ; ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ರಾಜ್ಯದ ಪಟ್ಟಿಯಲ್ಲಿ ಅದರ ಸ್ಥಾನ ಏರಿತೋ ಇಳಿಯಿತೋ ಎಂಬುದೇ ಮಾತು. ಆ ಪರೀಕ್ಷೆಯ ಅಂಕಗಳಲ್ಲಿ ದೈಹಿಕ ಶಿಕ್ಷಣಕ್ಕೆ ಒಂದು ಅಂಕದ ಪಾಲೂ ಇಲ್ಲ.

ಇದಕ್ಕೆ ಪರಿಹಾರವೆಂದು ನಾವು ಕೇಳುವುದು ಮೈದಾನ, ಸಾಮಗ್ರಿ, ಶಿಕ್ಷಕ. ಕೇಳಲೇಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆನ್ನುತ್ತದೆ. ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ದೈಹಿಕ ಶಿಕ್ಷಣಕ್ಕೊಬ್ಬ ಅರೆಕಾಲಿಕ ಬೋಧಕನನ್ನು ಕೊಡುತ್ತದೆ. ಎಂಬತ್ತು ಮಕ್ಕಳಿರುವ ಹಳ್ಳಿಯ ಶಾಲೆಗೆ ದೇಹವೇ ಇಲ್ಲವೇ ಎಂದು ಕೇಳಬಹುದು. ಇತ್ತ ದೈಹಿಕ ಶಿಕ್ಷಕರು ತಮ್ಮನ್ನೂ ಉಳಿದವರಂತೆ ಸಹಶಿಕ್ಷಕರೆಂದು ಪರಿಗಣಿಸಿ ಎಂದು ವರ್ಷಗಳಿಂದ ಮನವಿ ಕೊಡುತ್ತಲೇ ಇದ್ದಾರೆ.

ಆದರೆ ಇವೆಲ್ಲ ಸಿಕ್ಕವು ಎಂದೇ ಇಟ್ಟುಕೊಳ್ಳೋಣ. ಆಗ ಆಡುವವರು ಯಾರು?

ವಲಯ ಮಟ್ಟದ ಕ್ರೀಡಾಕೂಟ ಹತ್ತಿರ ಬಂದಾಗ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಕಬಡ್ಡಿಗೆ ಹನ್ನೆರಡು ಮಂದಿ, ಖೊಖೊಗೆ ಇನ್ನಷ್ಟು, ಓಟಕ್ಕೆ ನಾಲ್ವರು. ಉಳಿದವರು ಬೇವಿನ ಮರದ ಕೆಳಗೆ ಕೂತು ಆಡುವವರ ಚಪ್ಪಲಿ, ಚೀಲ ಕಾಯುತ್ತಾರೆ, ಇಲ್ಲವೇ ಚಪ್ಪಾಳೆ ತಟ್ಟುತ್ತಾರೆ. ದಪ್ಪಗಿರುವವನು, ಕನ್ನಡಕದವಳು, ಕಾಲು ಎಳೆಯುವವನು, ಸುಮ್ಮನೆ ನಾಚಿಕೆಯವಳು. ಇದನ್ನು ಮಾಸ್ತರರ ತಪ್ಪೆಂದು ಹೇಳಿ ಮುಗಿಸುವುದು ಅನ್ಯಾಯ. ಅವರ ವರ್ಷದ ದುಡಿಮೆಯನ್ನು ಅಳೆಯುವುದು ಮುಖ್ಯಾಧ್ಯಾಪಕರ ಕೋಣೆಯ ಕಪಾಟಿನಲ್ಲಿರುವ ಕಪ್ಪುಗಳಿಂದ. ಅಲ್ಲದೆ ರಾಯಬಾಗದ ಕಡೆಯ ಕೂಲಿಕಾರರ ಮಗಳೊಬ್ಬಳಿಗೆ ಕ್ರೀಡಾ ವಸತಿ ಶಾಲೆಯ ಸೀಟು, ಮುಂದೆ ನೌಕರಿಗೆ ನೆರವಾಗುವ ಒಂದು ಸರ್ಟಿಫಿಕೇಟು ಎಂದರೆ ಬದುಕು ಬದಲಾದಂತೆಯೇ. ಆ ಏಣಿಯನ್ನು ತೆಗೆಯಿರಿ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೂ ಆರಿಸುವುದು ಒಂದು ಕೆಲಸ, ಕಲಿಸುವುದು ಇನ್ನೊಂದು. ಗಣಿತದ ಮಾಸ್ತರರು ಚುರುಕಾದ ಐವರನ್ನಷ್ಟೇ ಮುಂದೆ ಕೂರಿಸಿಕೊಂಡು, ಉಳಿದವರಿಗೆ ಅವರ ಪಾಟಿಚೀಲ ಕಾಯಲು ಹೇಳಿದರೆ ಊರಿನವರು ಶಾಲೆಗೆ ಬಂದು ಜಗಳ ತೆಗೆಯುತ್ತಾರೆ. ಆಟದ ಪೀರಿಯಡ್ಡಿನಲ್ಲಿ ಇದೇ ನಡೆದರೆ ಅದನ್ನು ‘ಪ್ರತಿಭೆಗೆ ಪ್ರೋತ್ಸಾಹ’ ಅನ್ನುತ್ತೇವೆ.

ಸೋಜಿಗವೆಂದರೆ, ನಾವು ಆಡಿಸುವ ಆಟಗಳು ನಮಗಿಂತ ಹೆಚ್ಚು ನ್ಯಾಯವಂತವಾಗಿವೆ. ಕಬಡ್ಡಿಯಲ್ಲಿ ಔಟಾದವನು ಹೊರಗೆ ಕೂತಿರುತ್ತಾನೆ, ನಿಜ. ಆದರೆ ತನ್ನ ತಂಡದವರು ಎದುರಾಳಿಯೊಬ್ಬನನ್ನು ಔಟು ಮಾಡಿದೊಡನೆ ಅವನು ಎದ್ದು ಒಳಗೆ ಬರುತ್ತಾನೆ, ಮೊದಲು ಹೋದವನೇ ಮೊದಲು. ಅವನನ್ನು ಬದುಕಿಸುವುದೂ ಆಟದ ಭಾಗ. ಖೊಖೊದಲ್ಲಿ ಬೆನ್ನಟ್ಟುವವನು ಹಿಂದಕ್ಕೆ ತಿರುಗುವಂತಿಲ್ಲ. ಎಷ್ಟೇ ಚುರುಕಾಗಿದ್ದರೂ ಒಂದು ಹಂತದಲ್ಲಿ ‘ಖೋ’ ಕೊಟ್ಟು, ಕೂತವನನ್ನು ಎಬ್ಬಿಸಿ, ಅವನ ಜಾಗದಲ್ಲಿ ತಾನು ಕೂಡಲೇಬೇಕು. ಓಟವನ್ನು ಒಬ್ಬನೇ ಇಟ್ಟುಕೊಳ್ಳಲು ಆ ಆಟ ಬಿಡುವುದಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ನಡೆದು ಭಾರತದ ಪುರುಷರೂ ಮಹಿಳೆಯರೂ ಗೆದ್ದಾಗ ಕಪ್ಪಿನ ಬಗ್ಗೆ ಬಹಳ ಬರೆದೆವು, ಈ ನಿಯಮದ ಬಗ್ಗೆ ಯಾರೂ ಅಷ್ಟಾಗಿ ಬರೆಯಲಿಲ್ಲ.

ಇವೆರಡೂ ಮುಟ್ಟುವ ಆಟಗಳು ಎಂಬುದನ್ನೂ ಮರೆಯಬಾರದು. 1925ರಲ್ಲಿ ಅಂಬೇಡ್ಕರ್ ಬಹಿಷ್ಕೃತರ ಪರಿಷತ್ತಿಗೆಂದು ನಿಪ್ಪಾಣಿಗೆ ಬಂದಿದ್ದರು. ಯಾರನ್ನು ಯಾರು ಮುಟ್ಟಬಹುದು ಎಂಬುದೇ ದೊಡ್ಡ ಪ್ರಶ್ನೆಯಾಗಿದ್ದ ಸೀಮೆಯಿದು. ಈಗ ಪಠ್ಯಪುಸ್ತಕ ಸಮಾನತೆಯ ಪಾಠ ಹೇಳುತ್ತದೆ, ಮಗು ಅದನ್ನು ಬಾಯಿಪಾಠ ಮಾಡುತ್ತದೆ. ಕಬಡ್ಡಿಯ ಅಂಗಳದಲ್ಲಿ ಮಾತ್ರ ಕೈಕೈ ಹಿಡಿದು ಸರಪಳಿ ಕಟ್ಟಬೇಕು, ಬೆವರು ಬೆವರಿಗೆ ತಾಗಬೇಕು. ಎಲ್ಲರೂ ಆಡಿದರಷ್ಟೇ ಇದು ಪಾಠ. ತಂಡವನ್ನು ಗೆಳೆಯರ ಗುಂಪಿನಿಂದಲೇ, ಓಣಿಯ ಲೆಕ್ಕದಲ್ಲೇ ಕಟ್ಟಿದರೆ ಆ ಪಾಠವೂ ಮರದ ಕೆಳಗೇ ಉಳಿಯುತ್ತದೆ.

ಇನ್ನು ಈ ಭಾಗದಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: ‘ನಮ್ಮ ಹುಡುಗರಿಗೆ ವ್ಯಾಯಾಮ ಯಾಕ್ರೀ, ಹೊಲದಾಗ ಬೇಕಾದಷ್ಟು ಆಗತೈತಲ್ಲ?’ ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಎಮ್ಮೆಗೆ ಮೇವಿನ ಹೊರೆ ತಂದು ಶಾಲೆಗೆ ಓಡಿಬರುವ ಹುಡುಗ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಿಯ ಪಕ್ಕ ಕೂತು ಎಲೆ ಕತ್ತರಿಸುವ ಹುಡುಗಿ. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹಂಗಾಮಿಗೆ ಬಂದ ಮಕ್ಕಳು. ವ್ಯಾಯಾಮವೆಂದರೆ ಮೈ ದಣಿಯುವುದು ಮಾತ್ರವಾದರೆ ಆ ಮಾತು ಸರಿಯೇ. ಪ್ಲೇಟೋನ ‘ರಿಪಬ್ಲಿಕ್’ನಲ್ಲಿ ಸಾಕ್ರೆಟಿಸ್, ಸಂಗೀತ ಆತ್ಮಕ್ಕೆ, ವ್ಯಾಯಾಮ ದೇಹಕ್ಕೆ ಎಂದು ಹಂಚುವುದನ್ನು ಒಪ್ಪುವುದಿಲ್ಲ, ಎರಡೂ ಇರುವುದು ಆತ್ಮಕ್ಕಾಗಿಯೇ ಎನ್ನುತ್ತಾನೆ. ಆತ್ಮದ ಮಾತು ಬೇಡವೆನ್ನುವವರಿಗೆ ನಾನು ಇಷ್ಟು ಹೇಳುತ್ತೇನೆ: ಹೊರೆ ಹೊರುವ ಮೈ ಎಮ್ಮೆಯದು, ಎಲೆ ಕತ್ತರಿಸುವ ಬೆರಳು ಬೀಡಿಯದು. ‘ಸಾವಧಾನ್, ವಿಶ್ರಾಮ್’ ಎಂದಾಗ ಸೆಟೆದು ನಿಲ್ಲುವ ಮೈ ಸೀಟಿ ಊದುವವರದು. ಆ ಮೈ ಯಾರಿಗೂ ಬೇಡದ ಕೆಲಸಕ್ಕೆ, ತನ್ನ ಖುಷಿಗೆ ಓಡುವುದು ಆಟದಲ್ಲಿ ಮಾತ್ರ. ಹೆಚ್ಚು ದುಡಿಯುವ ಮಗುವಿಗೇ ಆಟ ಹೆಚ್ಚು ಬೇಕು.

ಹುಡುಗಿಯರ ವಿಷಯ ಇನ್ನೂ ಕಠಿಣ. ಎಂಟನೆಯ ತರಗತಿ ದಾಟಿದ ಮೇಲೆ ಅವರ ಆಟ ತಾನಾಗಿಯೇ ಸಣ್ಣದಾಗುತ್ತ ಹೋಗುತ್ತದೆ. ದೊಡ್ಡವರಾದ ಮೇಲೆ ಪಂಚಮಿಯ ಜೋಕಾಲಿಯೊಂದೇ ಉಳಿಯುತ್ತದೆ. ಈಜನ್ನೇ ನೋಡಿ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಕೃಷ್ಣೆ, ನಿಪ್ಪಾಣಿಯ ಕಡೆ ವೇದಗಂಗೆ, ದೂಧಗಂಗೆ. 2019ರ ಆಗಸ್ಟ್‌ನಲ್ಲಿ ಇದೇ ನದಿಗಳು ಹಳ್ಳಿಗಳಿಗೆ ನುಗ್ಗಿದವು, 2021ರಲ್ಲಿ ಮತ್ತೆ ಬಂದವು. ಇಲ್ಲಿನ ಹುಡುಗರು ಬೇಸಿಗೆಯಲ್ಲಿ ಯಾರದೋ ಬಾವಿಗೆ ಹಾರಿ, ಸೊಂಟಕ್ಕೆ ಖಾಲಿ ಡಬ್ಬಿ ಕಟ್ಟಿಕೊಂಡು ಹೇಗೋ ಈಜು ಕಲಿಯುತ್ತಾರೆ. ಹುಡುಗಿಯರನ್ನು ಬಾವಿಗೆ ಯಾರೂ ಕರೆದೊಯ್ಯುವುದಿಲ್ಲ. ನೀರು ಏರಿದಾಗ ಅದು ಇವರನ್ನು ಹುಡುಗ ಹುಡುಗಿ ಎಂದು ವಿಂಗಡಿಸುವುದಿಲ್ಲವಲ್ಲ.

ಕೆರೆಯೂ ಕೊಳವೂ ಇಲ್ಲದ ಶಾಲೆ ಇದನ್ನು ಹೇಗೆ ಕಲಿಸಬೇಕು, ಹೊಣೆ ಯಾರು ಹೊರಬೇಕು, ತಾಯಂದಿರನ್ನು ಯಾರು ಒಪ್ಪಿಸಬೇಕು ಎಂಬ ಪ್ರಶ್ನೆಗಳು ಸಣ್ಣವಲ್ಲ. ಆದರೆ ಕ್ರೀಡಾಕೂಟದ ಪಟ್ಟಿಯಲ್ಲಿ ಗೆದ್ದವರ ಹೆಸರಿಗಷ್ಟೇ ಕಾಲಂ ಇರುತ್ತದೆ. ಈ ವರ್ಷ ಎಷ್ಟು ಹುಡುಗಿಯರು ನೀರಿಗಿಳಿಯಲು ಕಲಿತರು, ಮರದ ಕೆಳಗಿನಿಂದ ಎಷ್ಟು ಜನ ಎದ್ದು ಅಂಗಳಕ್ಕೆ ಬಂದರು ಎಂದು ಬರೆಯುವ ಕಾಲಂ ಒಂದನ್ನು ಮಾಸ್ತರರು ತಮ್ಮ ವಹಿಯಲ್ಲಿ ತಾವೇ ಗೆರೆ ಎಳೆದು ಮಾಡಿಕೊಳ್ಳಬಹುದು. ಅದಕ್ಕೆ ಯಾವ ಇಲಾಖೆಯ ಸುತ್ತೋಲೆಯೂ ಬೇಕಿಲ್ಲ.