ಒಬ್ಬಳನ್ನಷ್ಟೇ ಬೇಡ

1996ರ ಅಕ್ಟೋಬರ್ ತಿಂಗಳ ಒಂದು ರಾತ್ರಿ, ಉತ್ತರ ಉಗಾಂಡದ ಅಬೊಕೆ ಎಂಬಲ್ಲಿ ಹೆಣ್ಣುಮಕ್ಕಳ ವಸತಿಶಾಲೆಗೆ ಜೋಸೆಫ್ ಕೋನಿಯ ಬಂಡುಕೋರರು ನುಗ್ಗಿ 139 ಹುಡುಗಿಯರನ್ನು ಎಳೆದೊಯ್ದರು. ಶಾಲೆಯ ಸಿಸ್ಟರ್ ರಾಕೇಲೆ ಎಂಬ ಇಟಲಿಯ ಸನ್ಯಾಸಿನಿ ಜಾಡು ಹಿಡಿದು ಬೆನ್ನುಹತ್ತಿ, ಗೋಗರೆದು, 109 ಮಂದಿಯನ್ನು ಬಿಡಿಸಿಕೊಂಡು ಬಂದರು. ಉಳಿದ 30 ಮಂದಿಯನ್ನು ಬಂಡುಕೋರರು ಬಿಟ್ಟುಕೊಡಲಿಲ್ಲ.

ಆ ಮೂವತ್ತರಲ್ಲಿ ಒಬ್ಬಳ ತಾಯಿ ಆಂಜೆಲಿನಾ ಅಟ್ಯಾಮ್. ಮಕ್ಕಳನ್ನು ಕಳೆದುಕೊಂಡ ಹೆತ್ತವರು ಸೇರಿ ಸಂಘ ಕಟ್ಟಿದರು; ಆಕೆ ದೇಶ ವಿದೇಶಗಳಲ್ಲಿ ಅವರ ದನಿಯಾದರು. ಸುದ್ದಿ ಜೋರಾದಾಗ ಬಂಡುಕೋರರಿಂದ ಮಾತು ಬಂತು: ನೀನು ಸುಮ್ಮನಾದರೆ ನಿನ್ನ ಮಗಳನ್ನು ಕಳಿಸುತ್ತೇವೆ. ಬಿಡುವುದಾದರೆ ಎಲ್ಲರನ್ನೂ ಬಿಡಿ, ಒಬ್ಬಳನ್ನಷ್ಟೇ ಬೇಡ ಎಂದರು ತಾಯಿ. ಮಗಳು ತಪ್ಪಿಸಿಕೊಂಡು ಮನೆ ಸೇರಿದ್ದು 2004ರಲ್ಲಿ.

ಇದನ್ನು ತ್ಯಾಗವೆಂದು ಹೊಗಳಿ, ಕೈಮುಗಿದು ಮುಂದೆ ಹೋಗಿಬಿಡಬಹುದು. ನನಗೇನೋ ಇದರಲ್ಲಿ ಲೋಕಜ್ಞಾನವೇ ಹೆಚ್ಚು ಕಾಣುತ್ತದೆ. ಉಳಿದ ಇಪ್ಪತ್ತೊಂಬತ್ತು ಮನೆ ಖಾಲಿಯಿರುವಾಗ, ವಾಪಸ್ಸಾದ ಒಬ್ಬಳೇ ಹುಡುಗಿ ಊರಿನಲ್ಲಿ ಹೇಗೆ ಬದುಕಿಯಾಳು?

ನೆರವಿನ ಯೋಜನೆಗಳಿಗೆ ಈ ಜ್ಞಾನ ತಡವಾಗಿ ಬಂತು. ಗುಲು ಊರಿನವರೇ 1994ರಲ್ಲಿ ಕಟ್ಟಿದ 'ಗುಸ್ಕೋ'ದಂಥ ಸಂಸ್ಥೆಗಳು ಬಂಡುಕೋರರು ಎಳೆದೊಯ್ದು ಬಂದೂಕು ಹಿಡಿಸಿದ್ದ, ಈಗ ಕಾಡಿನಿಂದ ಮರಳಿದ ಮಕ್ಕಳಿಗೆ ಸೂರು, ಮದ್ದು, ಆಡಲು ಜಾಗ ಕೊಟ್ಟು ಮನೆಗೆ ಮುಟ್ಟಿಸಿದವು. ದೊಡ್ಡ ಕೆಲಸವೇ. ಆದರೆ ಮರಳಿದವರಿಗೆಂದು ಹಾಸಿಗೆ, ಕಂಬಳಿ, ಪಾತ್ರೆ, ಗುದ್ದಲಿಗಳ ಗಂಟೂ ಸಿಗತೊಡಗಿತು. ಆಗ ಆ ಸೀಮೆಯ ಲಕ್ಷಾಂತರ ಜನ ಮನೆ ಬಿಟ್ಟು ಶಿಬಿರಗಳ ಗುಡಿಸಲಲ್ಲಿ ಬರಿನೆಲದಲ್ಲಿ ಮಲಗುತ್ತಿದ್ದರು. ಬಂದೂಕು ಹಿಡಿದು ನಮ್ಮನ್ನೇ ದೋಚಿದವನಿಗೆ ಹಾಸಿಗೆ, ದೋಚಿಸಿಕೊಂಡ ನಮಗೆ ಬರಿಗೈ ಎಂದು ನೆರೆಯವರ ಕಣ್ಣು ಉರಿದರೆ ತಪ್ಪೆನ್ನಲಾಗದು. ಎಳೆದೊಯ್ದಾಗ ಅವನೂ ಕೂಸೇ ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಹೊಟ್ಟೆ ಉರಿಯುತ್ತದೆ.

ಆ ಸೀಮೆಯ ಅಚೋಲಿ ಜನರಲ್ಲಿ ಹಳೆಯದೊಂದು ಶಾಸ್ತ್ರವಿದೆ. ಬಹುಕಾಲ ಹೊರಗಿದ್ದು ಬಂದವರು ಮನೆಯ ಮುಂದೆ ಇಟ್ಟ ಹಸಿ ಕೋಳಿಮೊಟ್ಟೆಯನ್ನು ತುಳಿದು ಒಡೆದು ಒಳಗೆ ಬರಬೇಕು. ಮೊಟ್ಟೆಯ ಜೊತೆಗೆ ಕಣಜದ ಮುಚ್ಚಳ ಎತ್ತುವ ಕೋಲನ್ನೂ ಇಡುತ್ತಾರೆ. ಈ ಮನೆಯ ಊಟದಲ್ಲಿ ನಿನಗೆ ಈಗಲೂ ಪಾಲಿದೆ ಎಂದು ಅದರ ಅರ್ಥ. ಯುದ್ಧದ ದಿನಗಳಲ್ಲಿ ಹಿರಿಯರು ಮರಳಿದವರನ್ನು ಗುಂಪಾಗಿ ಕರೆದು ಈ ಶಾಸ್ತ್ರ ಮಾಡಿಸಿದರು. ಇದು ಊರವರೇ ನಿಂತು, ಊರವರೇ ನೋಡಿ ನಡೆಯುವಂಥದು. ಗಂಟು ಹಂಚಿದವರಿಗೆ ಹೊಳೆಯದ ವಿವೇಕ ಇದರಲ್ಲಿದೆ. ಹಾಗೆಂದು ಮೊಟ್ಟೆ ಒಡೆದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. 2005-06ರಲ್ಲಿ ಬ್ಲಾಟ್‌ಮನ್ ಮತ್ತು ಅನ್ನನ್ ಎಂಬ ಸಂಶೋಧಕರು ಅಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಅಪಹರಣಕ್ಕೊಳಗಾದ ಬಹುಪಾಲು ಯುವಕರ ಮನಸ್ಸು ನಾವು ಊಹಿಸಿಕೊಂಡಷ್ಟು ಕೆಟ್ಟಿರಲಿಲ್ಲ. ಆದರೆ ಸುಮಾರು ಒಂದು ವರ್ಷದ ಓದು, ಮೂರರಲ್ಲಿ ಒಂದು ಪಾಲು ಸಂಪಾದನೆ ಕೈತಪ್ಪಿತ್ತು. ಮತ್ತೆ ಶಾಲೆ, ಒಂದು ಕಸುಬು: ಅಪಹರಣವಾಗದೆ ಶಿಬಿರದಲ್ಲೇ ಬೆಳೆದ ಪಕ್ಕದ ಮನೆಯ ಹುಡುಗನಿಗೆ ಬೇಕಿದ್ದುದೂ ಇದೇ ಅಲ್ಲವೆ?

ಹೆಣ್ಣುಮಕ್ಕಳ ಪಾಡು ಬೇರೆ. ಹಲವರು ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದರು. ಅಲ್ಲಿ ಭೂಮಿ ಬರುವುದು ತಂದೆಯ ಕುಲದಿಂದ. ಕಾಡಿನಲ್ಲಿ ಹುಟ್ಟಿದ ಮಗು ತವರಿನ ಹೊಲದಲ್ಲಿ ಹೊರಗಿನದು. ಅಜ್ಜ ಸಹಿಸಿಕೊಂಡರೂ ಸೋದರಮಾವಂದಿರು ಸಹಿಸಬೇಕಲ್ಲ! ಹೀಗೆ ಮರಳಿದ ತಾಯಂದಿರೇ 2011ರಲ್ಲಿ 'ವಿಮೆನ್ಸ್ ಅಡ್ವೊಕಸಿ ನೆಟ್‌ವರ್ಕ್' ಎಂಬ ಕೂಟ ಕಟ್ಟಿದರು. ಮಗುವಿನ ತಂದೆಯ ಕಡೆಯವರನ್ನು ಹುಡುಕಿ, ಎರಡೂ ಕಡೆಯ ಹಿರಿಯರನ್ನು ಕೂರಿಸಿ ಮಾತಾಡಿಸಿ, ಮಗುವಿಗೊಂದು ಕುಲ ದೊರಕಿಸುವ ಕೆಲಸವನ್ನೂ ಹಚ್ಚಿಕೊಂಡರು. ಬಲಾತ್ಕಾರ ಮಾಡಿದವನ ಮನೆಯ ಬಾಗಿಲನ್ನೇ ತಟ್ಟಬೇಕಾದ ಕೆಲಸವಿದು. ಎಲ್ಲ ತಾಯಂದಿರಿಗೂ ಅದು ಬೇಕಿಲ್ಲ, ಬೇಡವೆನ್ನುವ ಹಕ್ಕೂ ಅವರಿಗಿದೆ.

ಹಾಸಿಗೆ ಕಂಬಳಿ ಹಂಚಿದ್ದನ್ನು ಎಣಿಸಿ ವರದಿ ಬರೆಯಬಹುದು, ಫೋಟೊ ತೆಗೆಯಬಹುದು. ಎರಡು ಕುಲಗಳ ನಡುವೆ ನಡೆದ ಮಾತುಕತೆಗೆ ಫೋಟೊ ಎಲ್ಲಿಂದ ಬರಬೇಕು? ಆದರೂ ದುಡ್ಡು ಕೊಡುವ ಮನಸ್ಸಿದ್ದವರು ಮೊದಲು ಇಂಥ ತಾಯಂದಿರ ಕೂಟಗಳನ್ನು ಹುಡುಕಿ ಕೊಡಲಿ.