ಬಾಟಲಿಗೆ ರಾತ್ರಿ ಗೊತ್ತಿಲ್ಲ

ಎರಡು ಲೀಟರಿನ ಸೋಡಾ ಬಾಟಲಿಗೆ ಎರಡು ಕಪ್ಪು ಸಕ್ಕರೆ, ಅರ್ಧ ಚಮಚ ಯೀಸ್ಟ್, ಮುಕ್ಕಾಲು ಭಾಗ ಉಗುರುಬೆಚ್ಚಗಿನ ನೀರು. ಮುಚ್ಚಳಕ್ಕೆ ತೂತು ಕೊರೆದು ಒಂದು ಸಪೂರ ಪೈಪು ತುರುಕಿ, ಅದರ ಇನ್ನೊಂದು ತುದಿಯನ್ನು ಮೀನಿನ ತೊಟ್ಟಿಯಲ್ಲಿ ಮುಳುಗಿಸುವುದು. ಯೀಸ್ಟ್ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ತೊಟ್ಟಿಯೊಳಗಿನ ಗಿಡಗಳು ಅದನ್ನು ಉಂಡು ಬೆಳೆಯುತ್ತವೆ. ಅಂಗಡಿಯ ಸಿಲಿಂಡರಿಗೆ ಸಾವಿರಗಟ್ಟಲೆ ಕೊಡಲಾರದವರು ಕಂಡುಕೊಂಡ ದಾರಿ ಇದು. ನಾನು ಬಿ.ಎ. ಓದಿದವಳು, ವಿಜ್ಞಾನ ನನ್ನ ವಿಷಯವಲ್ಲ. ಆದರೆ ದೋಸೆ ಹಿಟ್ಟು ನನ್ನ ವಿಷಯ. ಈ ಬಾಟಲಿ ಹಿಟ್ಟಿನ ದೂರದ ಸಂಬಂಧಿಯೇ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಪುತ್ತೂರಿನಲ್ಲಿರುವ ನನ್ನ ತಂಗಿಗೆ ಈ ತೊಟ್ಟಿ ಮಗನಿಂದ ಬಂದದ್ದು. ಅವನು ಉದ್ಯೋಗಕ್ಕೆಂದು ಬೆಂಗಳೂರಿಗೆ ಹೋದ. ಗಿಡ, ಗಪ್ಪಿ ಮೀನುಗಳು, ಬಾಟಲಿ ಎಲ್ಲ ತಾಯಿಯ ಪಾಲಿಗೆ ಉಳಿದವು. ಮಕ್ಕಳು ಊರು ಬಿಟ್ಟ ಮನೆಗಳಲ್ಲಿ ಹೀಗೆ ಏನಾದರೊಂದು ಉಳಿದಿರುತ್ತದೆ, ನಿಮ್ಮಲ್ಲಿಯೂ ಇರಬಹುದು.

ತಂಗಿ ಬಲು ಬೇಗ ಪಳಗಿದಳು. ಗುಳ್ಳೆ ಬಾರದಿದ್ದರೆ ಮೊದಲು ಮುಚ್ಚಳದ ಸಂದಿಗೆ ಸಾಬೂನು ನೀರು ಸವರಿ ನೋಡಬೇಕು; ಗಾಳಿ ಅಲ್ಲಿಯೇ ಸೋರುತ್ತಿದ್ದರೆ ನೊರೆ ಏಳುತ್ತದೆ. ಸೋರಿಕೆ ಇಲ್ಲವಾದರೆ ಯೀಸ್ಟ್ ಹಳತಾಗಿರಬೇಕು, ಇಲ್ಲವೇ ಕೈ ಸುಡುವಷ್ಟು ಬಿಸಿನೀರು ಹಾಕಿ ಅದು ಸತ್ತಿರಬೇಕು. ಆಟಿ ತಿಂಗಳ ಮಳೆಗೆ ದೋಸೆ ಹಿಟ್ಟು ಹುಳಿ ಬರಲು ಸತಾಯಿಸುವ ಹಾಗೆ ಬಾಟಲಿಯೂ ತೂಕಡಿಸುತ್ತದೆ. ಏಪ್ರಿಲ್ ಸೆಕೆಯಲ್ಲಿ ಎರಡು ಮೂರು ವಾರ ಬರಬೇಕಾದದ್ದು ಬೇಗನೆ ಮುಗಿದುಹೋಗುತ್ತದೆ. ಗುಳ್ಳೆ ಕಡಿಮೆಯೆಂದು ಸಕ್ಕರೆ ಸುರಿಯುವವರುಂಟು. ಗುಳ್ಳೆಯ ವೇಗ ಹೆಚ್ಚುವುದು ಯೀಸ್ಟಿನಿಂದ. ಸಕ್ಕರೆಯಿಂದ ದಿನಗಳು ಹೆಚ್ಚುತ್ತವೆ, ಅದೂ ಒಂದು ಮಿತಿಯವರೆಗೆ. ಸಕ್ಕರೆಯ ಸುಮಾರು ಅರ್ಧ ತೂಕ ಗಾಳಿಯಾದರೆ ಇನ್ನರ್ಧ ಮದ್ಯಸಾರವಾಗುತ್ತದೆ. ಅದು ಏರಿದಂತೆ ಯೀಸ್ಟ್ ತಾನೇ ಮಾಡಿದ್ದರಲ್ಲಿ ತಾನೇ ಸಾಯುತ್ತದೆ. ಬಾಟಲಿ ತಣ್ಣಗಾದಾಗ ತೊಟ್ಟಿಯ ನೀರು ಹಿಂದಕ್ಕೆ ಹರಿಯದಂತೆ ಪೈಪಿನ ನಡುವೆ ಒಮ್ಮುಖದ ವಾಲ್ವು ಬೇಕು. ನೊರೆಯೆದ್ದ ಸಕ್ಕರೆ ನೀರು ತೊಟ್ಟಿಗೆ ನುಗ್ಗದಂತೆ ದಾರಿಯಲ್ಲಿ ಇನ್ನೊಂದು ಖಾಲಿ ಬಾಟಲಿ ಇದ್ದರೆ ಕ್ಷೇಮ.

ಇಷ್ಟೆಲ್ಲ ಸರಿಯಾಗಿ, ಗಿಡಗಳು ಹೊಸ ಚಿಗುರು ತಳೆದು ನಿಂತಾಗ ಒಂದು ಬೆಳಿಗ್ಗೆ ಅವಳ ಫೋನು: "ಅಕ್ಕಾ, ಗಿಡ ಎಂತ ಚಂದ ಬಂದಿದೆ ಗೊತ್ತುಂಟಾ? ಆದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಉಂಟು."

ಕಾರಣ ಕಠಿಣದ್ದೇನಲ್ಲ. ಬೆಳಕು ಆರಿದ ಮೇಲೆ ಗಿಡಗಳೂ ನಮ್ಮಂತೆಯೇ ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಬಾಟಲಿಗೋ ರಾತ್ರಿಯೆಂಬುದು ಗೊತ್ತಿಲ್ಲ. ನಳ್ಳಿ ಇಟ್ಟು ಮುಚ್ಚೋಣವೆಂದರೆ ಒಳಗೆ ಒತ್ತಡವೇರಿ ಬಾಟಲಿಯೇ ಸಿಡಿದೀತು. ನಮ್ಮ ಮುರಕಲ್ಲಿನ ನೆಲದ ಮೆದು ನೀರು ಬೇಗನೆ ಹುಳಿಗೆ ತಿರುಗುವುದು ಬೇರೆ. ಪರಿಹಾರ ಎರಡು: ರಾತ್ರಿ ಪೈಪನ್ನು ತೊಟ್ಟಿಯಿಂದ ಹೊರಗೆಳೆದು ಇಡುವುದು, ಇಲ್ಲವೇ ಬೆಳಗಿನವರೆಗೆ ಗಾಳಿಯ ಪಂಪು ಓಡಿಸುವುದು. ಪಂಪಿನಿಂದ ಹಗಲು ಸೇರಿದ ಗಾಳಿಯೂ ಹಾರಿಹೋಗುತ್ತದೆಂದು ಗಿಡದ ಹುಚ್ಚಿನವರಿಗೆ ಅದು ಹಿಡಿಸದು.

ತಂಗಿ ಮಗನನ್ನು ಕೇಳಿದಳು. ಅವನೆಂದ: "ಅಮ್ಮ, ಮೀನು ಸತ್ತರೆ ಬೇರೆ ತರಬಹುದು. ಗಿಡ ಹಾಳಾದರೆ ನನ್ನ ಆರು ತಿಂಗಳ ಕೆಲಸ ಹೋಯಿತು." ಅವಳು ಇದನ್ನು ನನಗೆ ಹೇಳಿ ಸುಮ್ಮನಾದಳು. ಹುಡುಗ ಕ್ರೂರಿಯಲ್ಲ, ಬೀದಿನಾಯಿಗೆ ಅನ್ನ ಹಾಕಿ ಬೆಳೆದವನು. ಅದಕ್ಕೇ ಈ ಮಾತು ನನ್ನನ್ನು ಕೆಲವು ದಿನ ಕಾಡಿತು.

ಎಲ್ಲ ಜೀವವೂ ಸಮ ಎಂದು ಅವನ ಬಾಯಿ ಮುಚ್ಚಿಸಲು ನನಗೆ ಬರುವುದಿಲ್ಲ. ಯೀಸ್ಟ್ ಕೂಡ ಜೀವಿಯೇ. ಲೂಯಿ ಪಾಶ್ಚರ್ 1857ರಲ್ಲೇ ಹುದುಗು ಜೀವಿಗಳ ಕೆಲಸವೆಂದು ವಾದಿಸಿದ್ದ. ಆ ಬಾಟಲಿಯಲ್ಲಿ ಸತ್ತ ಕೋಟಿಗಟ್ಟಲೆ ಯೀಸ್ಟಿಗಾಗಿ ನಾನು ಮರುಗುವುದಿಲ್ಲ, ಬೆಳಿಗ್ಗೆ ಕಾವಲಿಯ ಮೇಲೆ ಹಿಟ್ಟು ಹೊಯ್ಯುವಾಗಲೂ ಮರುಗುವುದಿಲ್ಲ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದು ಕೊಳೆರೋಗದಿಂದ ತೋಟ ಉಳಿಸಿಕೊಂಡ ಮನೆತನ ನಮ್ಮದು. ಒಂದನ್ನು ಉಳಿಸಲು ಇನ್ನೊಂದನ್ನು ಕಳೆಯುವುದು ಬದುಕಿನಲ್ಲಿ ಇದ್ದದ್ದೇ.

ಹಾಗಾದರೆ ಮೀನಿನ ವಿಷಯದಲ್ಲಿ ಚುಚ್ಚುವುದೇನು? ಸುಳ್ಯ ತಾಲೂಕಿನ ತೊಡಿಕಾನದಲ್ಲಿ ಮಲ್ಲಿಕಾರ್ಜುನ ದೇವಸ್ಥಾನದ ಹತ್ತಿರದ ಮತ್ಸ್ಯತೀರ್ಥವನ್ನು ನೀವು ನೋಡಿರಬಹುದು. ಬಂದವರೆಲ್ಲ ಅಕ್ಕಿ ಎಸೆಯುತ್ತಾರೆ, ಕೆಲವರು ಅತಿಯಾಗಿಯೇ ಎಸೆಯುತ್ತಾರೆ. ಬೇಡವಾದ ಮೀನು ಸರಿದು ಹೋಗುತ್ತದೆ. ಹರಿಯುವ ನೀರು ಹೆಚ್ಚಾದದ್ದನ್ನು ಒಯ್ಯುತ್ತದೆ. ನಮ್ಮ ಭಕ್ತಿಯ ತಪ್ಪು ಲೆಕ್ಕದಿಂದ ತಪ್ಪಿಸಿಕೊಳ್ಳಲು ಅಲ್ಲಿ ಮೀನಿಗೆ ದಾರಿಯಿದೆ. ಗಾಜಿನ ತೊಟ್ಟಿಯಲ್ಲಿ ಆ ದಾರಿಯನ್ನು ಮುಚ್ಚಿದವರು ನಾವು. ಕೊಳೆರೋಗ ತಾನಾಗಿ ನಮ್ಮ ತೋಟಕ್ಕೆ ಬಂತು. ಗಪ್ಪಿಯನ್ನು ನಾವೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದೆವು. ಚಂದ ಕಾಣಲೆಂದು ತಂದು, ಇನ್ನೊಂದರ ಚಂದಕ್ಕಾಗಿ ಅದರ ಉಸಿರು ಕಟ್ಟಿಸುವುದು ನನಗೆ ಸರಿ ಕಾಣುವುದಿಲ್ಲ. ಬೇರೆ ತರಬಹುದು ಎಂಬ ಮಾತು ಅಂಗಡಿಯ ಮಟ್ಟಿಗೆ ನಿಜ. ಮೇಲೆ ಬಂದು ಬಾಯಿ ಬಿಡುತ್ತಿರುವ ಆ ಒಂದು ಮೀನಿಗೆ ಅದರಿಂದೇನೂ ಆಗದು.

ಇದನ್ನೇ ನಾನು ಹುಡುಗನಿಗೂ ಹೇಳಿದೆ. ಅವನು ತಿರುಗಿ ಕೇಳಿದ್ದು ಒಳ್ಳೆಯ ಪ್ರಶ್ನೆ: "ಹಾಗಾದರೆ ದೊಡ್ಡಮ್ಮ, ಮೀನು ಸಾಕುವುದೇ ತಪ್ಪಲ್ಲವಾ? ಹೊಳೆಗೆ ಬಿಡುವಾ?" ತಂದದ್ದು ಸರಿಯೋ ಎಂಬುದಕ್ಕೆ ನನ್ನಲ್ಲಿ ಗಟ್ಟಿ ಉತ್ತರವಿಲ್ಲ. ಹೊಳೆಗೆ ಬಿಡುವುದಂತೂ ಕೂಡದು. ನಾನು ಪಾಠ ಮಾಡುವುದು ಕಡಬದ ಕಡೆ, ಕುಮಾರಧಾರೆ ದಿನವೂ ಕಣ್ಣಿಗೆ ಬೀಳುತ್ತದೆ. ಗಪ್ಪಿಯ ಮೂಲ ದಕ್ಷಿಣ ಅಮೆರಿಕದ ಕಡೆ. ಸೊಳ್ಳೆಮರಿ ತಿನ್ನಲೆಂದು ದೇಶದೇಶಗಳಲ್ಲಿ ಬಿಟ್ಟ ಗಪ್ಪಿ, ಗಂಬೂಸಿಯಾಗಳು ಎಷ್ಟೋ ಕಡೆ ಅಲ್ಲಿನ ಸಣ್ಣ ಮೀನುಗಳಿಗೇ ಕುತ್ತಾದವು. ನಮ್ಮ ಮನಸ್ಸಿನ ಭಾರ ಇಳಿಸಲು ಹೊಳೆಯ ಮೀನಿನ ಬಾಯಿಂದ ಕಸಿಯುವುದು ಇನ್ನೊಂದು ಅನ್ಯಾಯ.

ಈಗ ತಂಗಿ ಯೀಸ್ಟನ್ನು ಕಾಲು ಚಮಚಕ್ಕೆ ಇಳಿಸಿದ್ದಾಳೆ, ಮಲಗುವ ಮುಂಚೆ ಪೈಪನ್ನು ಹೊರಗೆಳೆದು ಬದಿಯ ಲೋಟದ ನೀರಿನಲ್ಲಿ ಇಳಿಬಿಡುತ್ತಾಳೆ. ಕೆಂಪು ಎಲೆಯ ಗಿಡವೊಂದು ಸೊರಗಿತು. ಹಸಿರಿನವು ಹೇಗೋ ನಡೆಯುತ್ತಿವೆ. ಮಗ ರಜೆಗೆ ಬಂದಾಗ ಆ ಕೆಂಪು ಗಿಡಕ್ಕಾಗಿ ಮುಖ ಸಣ್ಣ ಮಾಡಿಕೊಂಡ, ಪೈಪು ತೆಗೆಯುವುದನ್ನು ಬೇಡವೆನ್ನಲಿಲ್ಲ. ಇದ್ದ ಮೀನುಗಳು ಮುಗಿದ ಮೇಲೆ ಬೇರೆ ತರದೆ ಬರೀ ಗಿಡ ಬೆಳೆಸೋಣವೆಂದು ತಾಯಿ ಮಗ ಮಾತಾಡಿಕೊಂಡಿದ್ದರು. ಗಪ್ಪಿ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಮೊನ್ನೆ ಎಣಿಸಿದಾಗ ಹದಿನೇಳು ಮರಿಗಳಿದ್ದವು.