ಬೇನೆಯ ಬಂಧುತ್ವ



ಎಂಟು ದಿನದ ಜ್ವರವನ್ನು ವಿಚಾರಿಸಲು ಬರುವವರು ಅನೇಕರು; ವರ್ಷಗಟ್ಟಲೆ ಮೈಬಿಡದ ವ್ಯಾಧಿಯನ್ನು ವಿಚಾರಿಸುವವರು ವಿರಳ. ದೇಹದ ಬೇನೆಯನ್ನು ವೈದ್ಯನು ನೋಡಿಯಾನು. ಆದರೆ ದೀರ್ಘರೋಗಿಯನ್ನು ಕವಿಯುವ ಒಂಟಿತನಕ್ಕೆ ಅದೇ ಬೇನೆಯನ್ನುಂಡವರ ಸಂಗವೇ ಮದ್ದು. ಆ ಸಂಗವು ಇಂದು ಸಾಮಾಜಿಕ ಜಾಲತಾಣಗಳ ಮೂಲಕ ಹಾಸಿಗೆಯ ಬಳಿಗೇ ಬಂದಿದೆ.

ಅಮೆರಿಕದ ಸ್ಟೀಫನ್ ಹೇವುಡ್ ಎಂಬ ತರುಣನಿಗೆ ಎ.ಎಲ್.ಎಸ್. ಎಂಬ ರೋಗವಿರುವುದು 1998ರಲ್ಲಿ ತಿಳಿದುಬಂದಿತು. ಚಲನೆಯನ್ನು ನಡೆಸುವ ನರಕೋಶಗಳು ನಶಿಸಿ, ಕೈಕಾಲು, ನುಡಿ, ಕಡೆಗೆ ಉಸಿರೂ ಸೋಲುವ ವ್ಯಾಧಿಯದು. ಆತನ ಸೋದರರು 2004ರಲ್ಲಿ ಮಿತ್ರನೊಬ್ಬನೊಡನೆ ಕೂಡಿ, ರೋಗಿಗಳು ತಮ್ಮ ಸ್ಥಿತಿಯನ್ನು ಪರಸ್ಪರ ಅರುಹಿಕೊಳ್ಳಲೆಂದು 'ಪೇಷೆಂಟ್ಸ್‌ಲೈಕ್‌ಮಿ' ಎಂಬ ತಾಣವನ್ನು ಸ್ಥಾಪಿಸಿದರು. ಸ್ಟೀಫನ್ 2006ರಲ್ಲಿ ತೀರಿಕೊಂಡನು, ತಾಣವು ಉಳಿಯಿತು.

2008ರಲ್ಲಿ ಇಟಲಿಯ ಸಣ್ಣದೊಂದು ಅಧ್ಯಯನವು ಲಿಥಿಯಂ ಔಷಧಿಯು ಈ ರೋಗದ ವೇಗವನ್ನು ತಗ್ಗಿಸುವುದೆಂದು ಸಾರಿತು. ಬದುಕುವ ಆಸೆ ಯಾರಿಗಿಲ್ಲ? ತಾಣದ ಹಲವರು ಅದನ್ನು ಸೇವಿಸತೊಡಗಿದರು. ಆದರೆ ಅವರು ಗುಣವಾಯಿತೆಂದು ಡಂಗುರ ಹೊಯ್ಯಲಿಲ್ಲ. ಸೇವಿಸಿದ ಪ್ರಮಾಣವನ್ನೂ ಕಂಡ ಸ್ಥಿತಿಯನ್ನೂ ದಾಖಲಿಸುತ್ತ ಹೋದರು. ಅಂತಹ 149 ಜನರನ್ನು, ಸೇವಿಸದಿದ್ದ ಸಮಾನ ಸ್ಥಿತಿಯ ರೋಗಿಗಳೊಡನೆ ಹೋಲಿಸಿ 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು: ಲಿಥಿಯಂನಿಂದ ಪ್ರಯೋಜನ ಕಾಣಲಿಲ್ಲ. ತಮ್ಮ ಆಸೆಗೆ ವಿರುದ್ಧವಾದ ಸತ್ಯವನ್ನು ಹೊರಗೆಡಹಲು ಆ ರೋಗಿಗಳ ಪ್ರಾಮಾಣಿಕ ನುಡಿಯೇ ಆಧಾರವಾಯಿತು.

12ನೆಯ ಶತಮಾನದ ಕಲ್ಯಾಣದ ಅನುಭವಗೋಷ್ಠಿಯನ್ನು ಸ್ಮರಿಸುವ ನಮಗೆ ಇದರ ಮರ್ಮವು ತಿಳಿಯದೆ? ಅನುಭವವೆಂದರೆ ಕೇಳಿದ್ದನ್ನು ಹರಡುವುದಲ್ಲ. ತಾನುಂಡದ್ದನ್ನು ಮರೆಮಾಚದೆ ನುಡಿದು, ಅನ್ಯರ ಒರೆಗಲ್ಲಿಗೆ ಒಡ್ಡುವುದು. ವಾಟ್ಸ್‌ಆ್ಯಪಿನಲ್ಲಿ ಬಂದ ಬೇರು-ಕಷಾಯದ ಮಾತನ್ನು ನಂಬಿ ಮಧುಮೇಹಿಯೊಬ್ಬನು ಇನ್ಸುಲಿನನ್ನು ಬಿಟ್ಟರೆ, ಪ್ರಾಣವನ್ನೇ ಕಳೆದುಕೊಂಡಾನು. ಪರೀಕ್ಷಿಸದೆ ಅದನ್ನು ಮುಂದಕ್ಕೆ ಕಳುಹಿಸಿದವನು ಆ ಪಾಪದಲ್ಲಿ ಪಾಲುಗಾರನಲ್ಲವೆ?

ಆದುದರಿಂದ ಗೃಹಸ್ಥರಾದ ನೀವು, ರೋಗಿಯ ಕೈಯಲ್ಲಿರುವ ಫೋನನ್ನು ಕಂಡು ಕಾಲಹರಣವೆಂದು ಜರೆಯಬೇಡಿರಿ. ಅದರಾಚೆ ಆತನ ಸಮಾನದುಃಖಿಯೊಬ್ಬನು ಇರಬಹುದು. ರೋಗಿಗಳಾದ ನೀವು, ಅಲ್ಲಿ ಧೈರ್ಯವನ್ನು ಪಡೆಯಿರಿ, ಧೈರ್ಯವನ್ನು ನೀಡಿರಿ; ಔಷಧಿಯ ಮಾತನ್ನು ಮಾತ್ರ ವೈದ್ಯರ ಮುಂದಿಟ್ಟು ನಿರ್ಧರಿಸಿರಿ. ಮನೆಯವರ ಒಪ್ಪಿಗೆಯಿಲ್ಲದೆ ಅವರ ಬೇನೆಯನ್ನು ಬಯಲಿಗೆ ಹಾಕಬೇಡಿರಿ. ಗುಣವಾಗದ ರೋಗವಿರಬಹುದು, ಆದರೆ ಹಂಚಿಕೊಂಡ ಸತ್ಯದಿಂದ ಹಗುರಾಗದ ದುಃಖವು ವಿರಳ. ಇಂತಹ ಸತ್ಯವನ್ನು ನೀಡುವುದೂ ದಾಸೋಹವೇ.